ದೇವಣ್ಣನಿಗೊಂದು ಹರಕೆ

ನಮ್ಮ ಮನೆಯಲ್ಲಿ ಏನೇ ನಡೆದರೂ ಅದು ಮೊದಲು ಎದುರುಮನೆಗೆ ಗೊತ್ತಾಗುತ್ತದೆ, ಆಮೇಲೆ ನನ್ನ ಬ್ಯಾಂಕಿಗೆ, ಊರೆಲ್ಲ ಮಾತಾಡಿ ಮುಗಿಸಿದ ಮೇಲೆ ನನಗೆ. ಮದುವೆಯಾದಾಗಿನಿಂದ ಹೀಗೇ. ಹೋದ ವರ್ಷ ಒಂದು ಕಥೆಪುಸ್ತಕದ ದೆಸೆಯಿಂದ ಮೂರು ತಿಂಗಳಲ್ಲಿ ಏನೇನೆಲ್ಲ ನಡೆಯಿತು ಅಂತ ಹೇಳುತ್ತೇನೆ, ಕೇಳಿ.

ನಮ್ಮದು ಮೈಸೂರು. ನನ್ನದು ಬ್ಯಾಂಕ್ ನೌಕರಿ. ಹತ್ತು ವರ್ಷ ವಡೋದರಾದಲ್ಲಿ ನೆಮ್ಮದಿಯಾಗಿದ್ದೆವು. ಜೂನ್‌ನಲ್ಲಿ ಸೂರತ್‌ಗೆ ಎತ್ತಿಹಾಕಿದರು. ಮನೆಯಲ್ಲಿ ನಾವು ನಾಲ್ಕು ಜನ: ನಾನು, ನನ್ನ ಹೆಂಡತಿ, ಎಪ್ಪತ್ತೆಂಟು ವರ್ಷದ ನಮ್ಮಮ್ಮ, ಒಂಬತ್ತನೇ ಕ್ಲಾಸಿನ ಮಗಳು. ನನ್ನ ತಲೆಯ ಮೇಲೆ ಉಳಿದಿರುವ ಕೂದಲನ್ನು ಎಡಗಡೆಯಿಂದ ಬಲಗಡೆಗೆ ಹರಡಿ ಬಾಚಿಕೊಳ್ಳಲು ಬೆಳಿಗ್ಗೆ ಹತ್ತು ನಿಮಿಷ ಬೇಕು. ಈ ಕೂದಲಿನ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮಗಳು ಬೆಳೆದಿದ್ದೆಲ್ಲ ವಡೋದರಾದಲ್ಲಿ. ಗೆಳತಿಯರನ್ನೆಲ್ಲ ಬಿಟ್ಟು ಬಂದ ಕೋಪ ಪೂರ್ತಿ ನನ್ನ ಮೇಲೆ. ವರ್ಗಾವಣೆ ಆರ್ಡರು ನಾನೇ ಟೈಪ್ ಮಾಡಿಕೊಂಡೆ ಅನ್ನೋ ಹಾಗೆ ನೋಡುತ್ತಿದ್ದಳು. ಸೂರತ್‌ಗೆ ಬಂದಮೇಲೆ ನನ್ನ ಹತ್ತಿರ ಅವಳು ಆಡುತ್ತಿದ್ದದ್ದು ನಾಲ್ಕೇ ಮಾತು: ಹೂಂ, ಉಹೂಂ, ಓಕೆ, ಚಾರ್ಜರ್. ಮೊದಲೆಲ್ಲ ನನ್ನ ಸ್ಕೂಟರಿನ ಹಿಂದೆ ಕೂತು ಸ್ಕೂಲ್ ಗೇಟಿನ ತನಕ ಬಾಯಿ ಮುಚ್ಚದೆ ಹರಟುತ್ತಿದ್ದ ಮಗು ಅದು. ಇದನ್ನೆಲ್ಲ ನಾನು ಯಾರ ಹತ್ತಿರ ಹೇಳಿಕೊಳ್ಳೋದು?

೧. ಯಾವ ಸೆಕ್ಷನ್?

ಅಕ್ಟೋಬರ್‌ನ ಒಂದು ಭಾನುವಾರ ಮಧ್ಯಾಹ್ನ ಮಗಳ ರೂಮಿನಿಂದ ಬಿಕ್ಕಿ ಬಿಕ್ಕಿ ಅಳುವ ಸದ್ದು. ಬಾಗಿಲು ಒಳಗಿನಿಂದ ಚಿಲಕ. ನಮ್ಮಮ್ಮ "ಹೊಟ್ಟೆನೋವಿರಬೇಕು" ಅಂತ ಓಮದ ಕಷಾಯ ಮಾಡಿಕೊಂಡು ಬಂದು ಬಾಗಿಲ ಮುಂದೆ ನಿಂತರು. ನನ್ನ ಹೆಂಡತಿ "ಗಣಿತದ ಟೆಸ್ಟ್ ಪೇಪರ್ ಕೊಟ್ಟಿರ್ತಾರೆ" ಅಂತ ಸ್ಕೂಲ್ ಬ್ಯಾಗು ಜಾಲಾಡಿದಳು. ನನಗೆ ಮಾತ್ರ ಗ್ಯಾರಂಟಿ, ಇದು ವರ್ಗಾವಣೆಯ ಅಳು ಅಂತ.

ಅಷ್ಟರಲ್ಲಿ ಕಾಲಿಂಗ್ ಬೆಲ್. ಎದುರುಮನೆಯ ಗುಜರಾತಿ ಕಾಕಿ. ಕೈಯಲ್ಲಿ ಒಂದು ತಟ್ಟೆ ಢೋಕ್ಳಾ. ತಟ್ಟೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ನನ್ನ ಕಡೆ ತಿರುಗಿ, "ಭಾಯ್, ಬೆಳೆದ ಹೆಣ್ಣುಮಗಳ ಮೇಲೆ ಕೈ ಮಾಡಬಾರದು. ಮನೆಯ ಲಕ್ಷ್ಮಿ ಅವಳು" ಅಂದರು. ನಾನು ಬಾಯಿಬಿಡುವುದರೊಳಗೆ ಹೊರಟೇಹೋದರು. ಆಮೇಲೆ ಒಂದು ವಾರ ಲಿಫ್ಟಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಢೋಕ್ಳಾ ಮಾತ್ರ ಬಹಳ ಚೆನ್ನಾಗಿತ್ತು.

ಕೊನೆಗೆ ಮಗಳು ಬಾಗಿಲು ತೆಗೆದಳು. ಕಣ್ಣು ಕೆಂಪು, ಮೂಗು ಕೆಂಪು. "ಡೆವಿನ್ ಹೋಗಿಬಿಟ್ಟ" ಅಂದು ಮತ್ತೆ ಶುರು ಮಾಡಿದಳು.

ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಆದಷ್ಟು ಮೆತ್ತಗೆ ಕೇಳಿದಳು: "ಯಾವ ಡೆವಿನ್ನೇ? ನಿಮ್ಮ ಕ್ಲಾಸಾ? ಯಾವ ಸೆಕ್ಷನ್?"

"ಸೆಕ್ಷನ್ ಅಲ್ಲ ಮಮ್ಮಿ, ಮೂವತ್ತೊಂದನೇ ಚಾಪ್ಟರ್!"

೨. ನಾನಿನ್ನೂ ಇದ್ದೀನಿ ಸಾಹೇಬ್

ಅದೊಂದು ಇಂಗ್ಲಿಷ್ ಕಾದಂಬರಿ. ಇವಳ ವಯಸ್ಸಿನ ಮಕ್ಕಳಿಗೇ ಅಂತ ಬರೆದಿದ್ದು. ಹೊರಡುವ ದಿನ ವಡೋದರಾದ ಗೆಳತಿ ಕೊಟ್ಟಿದ್ದಂತೆ. ನನ್ನ ಹತ್ತಿರ ನಾಲ್ಕೇ ಮಾತಾಡುವ ಹುಡುಗಿ ಈ ಡೆವಿನ್ನಿಗೋಸ್ಕರ ನಾಲ್ಕು ಟವೆಲ್ ಒದ್ದೆ ಮಾಡಿದಳಲ್ಲ, ಏನಿದೆ ಇದರಲ್ಲಿ ಅಂತ ನನಗೆ ಹಟ ಹುಟ್ಟಿತು. ಇದನ್ನು ಓದಿದರೆ ಅವಳ ಹತ್ತಿರ ಮಾತಾಡೋಕೆ ಒಂದು ನೆಪ ಸಿಗುತ್ತೆ ಅನ್ನೋ ದುರಾಸೆಯೂ ಇತ್ತು. ಅವಳು ಸ್ಕೂಲಿಗೆ ಹೋದಮೇಲೆ ಪುಸ್ತಕ ಎಗರಿಸಿ ಟಿಫಿನ್ ಬ್ಯಾಗಿಗೆ ಹಾಕಿಕೊಂಡು ಹೋಗುವುದು, ಸಂಜೆ ಅವಳು ಟ್ಯೂಷನ್ನಿನಿಂದ ಬರುವುದರೊಳಗೆ ವಾಪಸ್ ಇಡುವುದು. ಕಾಲೇಜಿನಲ್ಲಿದ್ದಾಗ ಸಿನಿಮಾ ಪತ್ರಿಕೆಯನ್ನೂ ನಾನು ಇಷ್ಟು ಕದ್ದು ಓದಿರಲಿಲ್ಲ.

ನಮ್ಮ ಶಾಖೆ ಇರುವುದು ಊರಾಚೆ ಸಚಿನ್ ಅನ್ನೋ ಜಾಗದಲ್ಲಿ, ಫ್ಯಾಕ್ಟರಿಗಳ ಮಧ್ಯೆ. ಸುತ್ತೋಲೆಗಳ ಫೈಲಿನೊಳಗೆ ಪುಸ್ತಕ ಇಟ್ಟುಕೊಂಡು ಊಟದ ಹೊತ್ತಿನಲ್ಲಿ ಓದುತ್ತಿದ್ದೆ. ಕಥೆ ಇಷ್ಟೇ: ಒಂದು ದ್ವೀಪ. ತಾಯಿಯಿಲ್ಲದ ಡೆವಿನ್‌ಗೆ ಹದಿನಾರು ವರ್ಷ. ಅಪ್ಪ ದೂರದ ಪಟ್ಟಣದಲ್ಲಿ ಕೆಲಸ ಕೆಲಸ ಅಂತ ಇದ್ದುಬಿಟ್ಟಿರುತ್ತಾನೆ. ಬಿರುಗಾಳಿಯ ದಿನ ಪುಟ್ಟ ತಂಗಿ ಕಾಣೆಯಾಗುತ್ತಾಳೆ. ಹುಡುಕಲು ಇವನು ದೋಣಿ ತೆಗೆದುಕೊಂಡು ಹೋಗುತ್ತಾನೆ. ತಂಗಿ ಬದುಕಿ ಬರುತ್ತಾಳೆ, ಇವನ ಖಾಲಿ ದೋಣಿ ದಡಕ್ಕೆ ಬರುತ್ತದೆ.

ಆ ಖಾಲಿ ದೋಣಿಯ ಪುಟ ಓದಿದಾಗ ಊಟದ ಹೊತ್ತು ಮುಗಿದುಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಅದು ನವೆಂಬರ್ ತಿಂಗಳು, ಪೆನ್ಷನ್ನಿನವರು ಬಂದು "ಬದುಕಿದ್ದೇವೆ" ಅಂತ ಜೀವನ ಪ್ರಮಾಣಪತ್ರ ಕೊಡುವ ಕಾಲ. ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜ ನನ್ನ ಮುಂದೆ ಬಂದು ಕೂತು ಫಾರಂ ಇಟ್ಟಿದ್ದಾರೆ. ನಾನು ಅವರ ಫಾರಂ ನೋಡುತ್ತೇನೆ, ಅಕ್ಷರ ಕಾಣಿಸುತ್ತಿಲ್ಲ, ಕಣ್ಣಿಂದ ನೀರು ದಳದಳ. ಕರ್ಚೀಫು ತೆಗೆದು ಮೂಗು ಒರೆಸಿಕೊಂಡೆ. ಫಾರಂ ನೋಡಿದೆ, ಅವರ ಮುಖ ನೋಡಿದೆ, ಮತ್ತೆ ಅಳು.

ಪಾಪ, ಆ ಅಜ್ಜ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹಿಂದಿಯಲ್ಲಿ ಕೂಗಿದರು: "ಸಾಹೇಬ್, ಕಂಪ್ಯೂಟರಿನಲ್ಲಿ ಏನು ಬಂದಿದೆಯೋ ಗೊತ್ತಿಲ್ಲ, ನಾನಿನ್ನೂ ಇದ್ದೀನಿ! ಬೇಕಾದರೆ ಮುಟ್ಟಿ ನೋಡಿ!"

೩. ಸ್ವೆಟರ್ ಹಾಕಿಕೊಂಡಿದ್ದನಾ?

ಸೂರತ್‌ನಲ್ಲಿ ಚಳಿಗಾಲಕ್ಕೆ ಪಾಪಡಿ ಬರುತ್ತದೆ, ಹೆಚ್ಚುಕಡಿಮೆ ನಮ್ಮ ಅವರೆಕಾಯಿಯ ದಾಯಾದಿ. ಅದನ್ನು ಕಂಡ ದಿನ ನಮ್ಮಮ್ಮನಿಗೆ ಗುಜರಾತಿನ ಮೇಲೆ ಮೊದಲ ಸಲ ಗೌರವ ಬಂತು. ದಿನಾ ಸಂಜೆ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ಸುಲಿಯೋರು, ಮೊಮ್ಮಗಳನ್ನೂ ಎಳೆದು ಕೂರಿಸಿಕೊಳ್ಳೋರು. "ಪುಟ್ಟಿ, ಅವತ್ತು ಯಾಕೆ ಅಷ್ಟೊಂದು ಅತ್ತೆ? ನನಗೂ ಆ ಕಥೆ ಹೇಳು" ಅಂದರು ಒಂದು ದಿನ.

ಮಗಳ ಕನ್ನಡ ಅಷ್ಟಕ್ಕಷ್ಟೇ. ಒಂದು ಮಾತು ಕನ್ನಡ, ಎರಡು ಮಾತು ಗುಜರಾತಿ, ಸಿಕ್ಕಿಹಾಕಿಕೊಂಡಲ್ಲಿ ಇಂಗ್ಲಿಷ್, ಅಲ್ಲೂ ಸಿಗದಿದ್ದರೆ ಕೈಸನ್ನೆ. ಆದರೂ ಹೇಳಿದಳು. ನಾನು ಪೇಪರ್ ಅಡ್ಡ ಹಿಡಿದುಕೊಂಡು ಹಾಲ್‌ನಲ್ಲಿ ಕೂತು ಕೇಳುತ್ತಿದ್ದೆ. ಎಷ್ಟು ತಿಂಗಳಾಗಿತ್ತು ಆ ಧ್ವನಿ ಕೇಳಿ! ಡೆವಿನ್ ಅನ್ನೋ ಹೆಸರು ಅಮ್ಮನಿಗೆ ಒಗ್ಗಲಿಲ್ಲ. ಮೊದಲ ದಿನವೇ ಅವನನ್ನು ದೇವಣ್ಣ ಮಾಡಿಕೊಂಡರು.

ಕಥೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. "ಬಿರುಗಾಳಿ ಬಂತು ಅಜ್ಜಿ."

"ಸ್ವೆಟರ್ ಹಾಕಿಕೊಂಡಿದ್ದನಾ?"

"ಅಜ್ಜೀ, ಅವನು ತಂಗೀನ ಹುಡುಕ್ತಾ ಇದಾನೆ!"

"ಹುಡುಕಲಿ, ಬೇಡ ಅಂದವರ್ಯಾರು? ಬೆಳಿಗ್ಗೆ ಏನಾದರೂ ಹೊಟ್ಟೆಗೆ ಹಾಕ್ಕೊಂಡಿದ್ದನಾ ಇಲ್ವಾ? ಅಪ್ಪ ಅನ್ನಿಸಿಕೊಂಡೋನು ಎಲ್ಲಿ ಸತ್ತಿದ್ದ?"

ನಾಲ್ಕನೇ ದಿನ ಖಾಲಿ ದೋಣಿ ದಡಕ್ಕೆ ಬಂತು. ಮಗಳು ಮೂಗು ಒರೆಸಿಕೊಂಡು "ಅಷ್ಟೇ ಅಜ್ಜಿ, ಮುಗೀತು" ಅಂದಳು.

ಅಮ್ಮ ಸುಲಿಯುವುದನ್ನು ನಿಲ್ಲಿಸಿದರು. "ಏನು ಮುಗೀತು? ಹುಡುಗನ ದೇಹ ಸಿಕ್ಕಿತಾ?"

"ಇಲ್ಲ."

"ಕಣ್ಣಲ್ಲಿ ನೋಡಿದವರು ಯಾರಾದರೂ ಇದಾರಾ?"

"ಇಲ್ಲ."

"ಮತ್ತೆ! ಅವನು ಬದುಕಿದಾನೆ. ಬರೆದೋರಿಗೆ ಗೊತ್ತಿಲ್ಲ ಅಷ್ಟೇ." ಅಂದವರೇ ಸೊಂಟ ಹಿಡಿದುಕೊಂಡು ಎದ್ದು, ಕೈಕಾಲು ತೊಳೆದು, ದೇವರ ಮುಂದೆ ನಿಂತು ಹಳದಿ ಬಟ್ಟೆಯಲ್ಲಿ ಒಂದು ಗಂಟು ಕಟ್ಟಿದರು. ನಾನು ಗಾಬರಿಯಿಂದ "ಏನಮ್ಮಾ ಹರಕೆ ಹೊತ್ತೆ?" ಅಂದೆ. "ಹೇಳಿದರೆ ಫಲಿಸಲ್ಲ ಕಣೋ. ನಿನಗೇನೂ ಖರ್ಚಿಲ್ಲ, ಸುಮ್ಮನಿರು" ಅಂದರು. ನಾನೂ ದಡ್ಡ, ಖರ್ಚಿಲ್ಲ ಅಂದಕೂಡಲೇ ಸುಮ್ಮನಾದೆ.

೪. ಹುಡುಗ ಎಲ್ಲಿದ್ದಾನೆ?

ಮುಂದಿನ ಶನಿವಾರ ಅರ್ಚನೆ ಆಗಲೇಬೇಕು ಅಂತ ಅಮ್ಮ ಪಟ್ಟು ಹಿಡಿದರು. ನಮ್ಮ ಕಡೆಯವರೆಲ್ಲ ಹೋಗುವ ಒಂದು ದೇವಸ್ಥಾನವಿದೆ, ಭಟ್ಟರು ಕನ್ನಡದವರೇ. ಅಮ್ಮ, ನಾನು, ಮಗಳು ಮೂವರೂ ಹೋದೆವು. ಮಗಳು ತಾನಾಗಿಯೇ ಬಂದಳು, ಪುಸ್ತಕ ಸಮೇತ.

"ಹೆಸರು?" ಅಂದರು ಭಟ್ಟರು.

"ದೇವಣ್ಣ" ಅಂದರು ಅಮ್ಮ.

"ಗೋತ್ರ?"

ಅಮ್ಮ ಮೊಮ್ಮಗಳ ಮುಖ ನೋಡಿದರು. ಅವಳು ಪುಟ ತಿರುವಿ, "ಪುಸ್ತಕದಲ್ಲಿ ಇಲ್ಲ" ಅಂದಳು. ಭಟ್ಟರು ಅದು ಜಾತಕದ ಪುಸ್ತಕ ಅಂದುಕೊಂಡರೋ ಏನೋ, "ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಅಂತ ಇಟ್ಟುಕೊಳ್ಳೋದು ಪದ್ಧತಿ. ನಕ್ಷತ್ರ?" ಅಂದರು.

"ಅಕ್ಟೋಬರ್ ಹುಣ್ಣಿಮೆ ದಿನ ಹುಟ್ಟಿದ್ದು. ಎರಡನೇ ಚಾಪ್ಟರ್" ಅಂದಳು ಮಗಳು.

"ಹಾಗಾದರೆ ಅಶ್ವಿನಿ, ಮೇಷರಾಶಿ ಹಿಡಿಯೋಣ." ಸಾಂಗವಾಗಿ ಅರ್ಚನೆ ಆಯಿತು. ಎಲ್ಲೋ ಹೆಸರಿಲ್ಲದ ದ್ವೀಪದ ಆ ಹುಡುಗನಿಗೆ ಕ್ಷೇಮ, ಸ್ಥೈರ್ಯ, ಆಯುರಾರೋಗ್ಯ ಎಲ್ಲ ಕೇಳಿಕೊಂಡರು. ನಾನು ಕಣ್ಣುಮುಚ್ಚಿ ನಿಂತಿದ್ದೆ, ನಗು ತಡೆಯೋಕೆ. ಪಕ್ಕಕ್ಕೆ ತಿರುಗಿದರೆ ಮಗಳೂ ಹಾಗೇ ತುಟಿ ಕಚ್ಚಿ ನಿಂತಿದ್ದಾಳೆ. ಇಬ್ಬರ ಕಣ್ಣೂ ಒಂದು ಗಳಿಗೆ ಸೇರಿತು. ಅವಳು ತಕ್ಷಣ ಬೇರೆ ಕಡೆ ನೋಡಿದಳು. ನನಗೆ ಅಷ್ಟೇ ಸಾಕಾಗಿತ್ತು, ಆ ದಿನವೆಲ್ಲ ಖುಷಿ.

ತೀರ್ಥ ಕೊಡುತ್ತಾ ಭಟ್ಟರು ವಿಚಾರಿಸಿದರು: "ಹುಡುಗ ಈಗ ಎಲ್ಲಿದ್ದಾನಮ್ಮಾ?"

ಅಮ್ಮ ನಿಟ್ಟುಸಿರುಬಿಟ್ಟು, "ಸಮುದ್ರದಲ್ಲಿ" ಅಂದರು.

"ಓಹೋ, ಮರ್ಚೆಂಟ್ ನೇವಿ!" ಭಟ್ಟರ ಮುಖ ಅರಳಿತು. ಮರುಗಳಿಗೆ ಬಾಡಿತು. "ಛೆ ಛೆ, ನಮ್ಮಣ್ಣನ ಮಗಳಿಗೆ ಗಂಡು ನೋಡ್ತಾ ಇದ್ದೆವು. ಸುಮ್ಮನೆ ಕಾಶ್ಯಪ ಅಂದುಬಿಟ್ಟೆ ನೋಡಿ, ನಮ್ಮದೂ ಅದೇ ಗೋತ್ರ!"

೫. ಹೇಳು, ಹೇಳಬೇಡ

ಡಿಸೆಂಬರಿನಲ್ಲಿ ಎರಡನೇ ಭಾಗ ಬಂತು ಅಂತ ಮನೆಯಲ್ಲಿ ಸುದ್ದಿ. ಸೂರತ್‌ನಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ಹದಿನೈದು ದಿನ ಅಂತ ತೋರಿಸುತ್ತಿತ್ತು. ನನಗೆ ಅಹಮದಾಬಾದಿನಲ್ಲಿ ಒಂದು ಮೀಟಿಂಗ್ ಇತ್ತು, ಬರುವಾಗ ತರುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಮುಗಿಸಿಕೊಂಡು ಪುಸ್ತಕದಂಗಡಿಗೆ ಹೋದೆ. ಹದಿನಾಲ್ಕು ಹದಿನೈದರ ಹುಡುಗಿಯರ ಮಧ್ಯೆ ಟೈ ಕಟ್ಟಿಕೊಂಡ ನಾನೊಬ್ಬ ಐವತ್ತೆರಡರ ಗಂಡಸು. ಕೌಂಟರಿನ ಹುಡುಗಿಯನ್ನು ಗುಟ್ಟಾಗಿ ಕೇಳಿದೆ: "ಇದರಲ್ಲಿ ಅವನು ಬದುಕಿದಾನಾಮ್ಮಾ?" ಆ ಹುಡುಗಿ ನನ್ನನ್ನು ಕನಿಕರದಿಂದ ನೋಡಿ, "ಅಂಕಲ್, ನಾನು ಹೇಳಲ್ಲ. ನಾನೂ ಬಹಳ ಅತ್ತಿದ್ದೆ" ಅಂದಳು.

ವಾಪಸ್ ಬರುವ ರೈಲು ಆಣಂದ್ ದಾಟಿತ್ತು, ಫೋನ್ ಬಂತು. ಮಗಳು! ಜೂನ್‌ನಿಂದ ಈಚೆ ಅವಳಾಗಿಯೇ ಮಾಡಿದ ಮೊದಲ ಫೋನ್. ನಾನು ಗಾಬರಿಯಲ್ಲಿ "ಏನಮ್ಮಾ, ಚಾರ್ಜರ್ ಬೇಕಾ?" ಅಂದೆ.

"ಅಪ್ಪ, ಬುಕ್ ಸಿಕ್ತಾ? ಕೊನೆ ಪೇಜ್ ನೋಡಬೇಡ, ಪ್ರಾಮಿಸ್ ಮಾಡು."

"ನೋಡಿಬಿಟ್ಟೆ ಕಣೇ."

"ಅಪ್ಪಾ! ಬದುಕಿದಾನಾ? ಹೇಳಬೇಡ! ಇಲ್ಲ, ಹೇಳು! ಬೇಡ ಬೇಡ, ಹೇಳಬೇಡ!... ಅಪ್ಪ, ಒಂದ್ನಿಮಿಷ, ನೀನು ಫಸ್ಟ್ ಪಾರ್ಟ್ ಓದಿದೀಯಾ?"

ಓದಿದೆ ಅಂದೆ. ಕದ್ದಿದ್ದು, ಫೈಲಿನಲ್ಲಿ ಇಟ್ಟುಕೊಂಡಿದ್ದು, ಪೆನ್ಷನ್ ಅಜ್ಜನ ಕಥೆ ಎಲ್ಲ ಒಪ್ಪಿಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು. ವಡೋದರಾ ಬಂತು, ಹೋಯಿತು. ಭರೂಚ್ ಬಂತು, ಹೋಯಿತು. ಮಾತು ಮುಗಿಯಲಿಲ್ಲ. ಎದುರಿಗೆ ಕೂತಿದ್ದವರು ನನ್ನ ಕಣ್ಣು ನೋಡಿ, ಏನು ತಿಳಿದರೋ, ನೀರಿನ ಬಾಟಲಿ ಕೊಟ್ಟರು.

ಮನೆಗೆ ಬಂದು ಅಮ್ಮನ ಕಿವಿಯಲ್ಲಿ ಹೇಳಿದೆ: "ನಿನ್ನ ದೇವಣ್ಣ ಬದುಕಿದಾನಮ್ಮಾ. ಮೀನುಗಾರರು ಕಾಪಾಡಿದರಂತೆ."

ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತಿತ್ತು. ತಿಮ್ಮಪ್ಪ ಕೈಬಿಡ್ತಾನಾ? ಸರಿ, ಭಾನುವಾರ ಹರಕೆ ತೀರಿಸು. ನಿನ್ನ ಮುಡಿ ಕೊಡ್ತೀನಿ ಅಂತ ಹೇಳಿಕೊಂಡಿದ್ದೆ."

ನನ್ನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ನನ್ನ ಹೆಂಡತಿ ಪಾಪ, ನನ್ನ ಪರವಾಗಿ, "ಅತ್ತೆ, ಅವರ ತಲೆ ಕೊಡೋಕೆ ಮುಂಚೆ ಅವರನ್ನೊಂದು ಮಾತು ಕೇಳಬಾರದಿತ್ತಾ?" ಅಂದಳು.

"ಜವಳ ಮಾಡಿಸಿದಾಗ ಕೇಳಿದ್ದೆನಾ?" ಅಂದರು ಅಮ್ಮ.

೬. ಬಿಳಿ ಬಟ್ಟೆಯವರು

ಆಗಲ್ಲ ಅನ್ನಬಹುದಿತ್ತು. ಅನ್ನೋಕೆ ಬಾಯೂ ತೆರೆದಿದ್ದೆ. ಅಷ್ಟರಲ್ಲಿ ಮಗಳು, "ಅಪ್ಪ, ನೀನು ನಿಜವಾಗ್ಲೂ ಡೆವಿನ್‌ಗೋಸ್ಕರ ಬೋಳಿಸ್ತೀಯಾ?" ಅಂದಳು. ಸ್ಕೂಟರಿನ ಹಿಂದೆ ಕೂತು ಹರಟುತ್ತಿದ್ದಳಲ್ಲ, ಅದೇ ಮುಖ. ಹೋಗಲಿ, ಇದ್ದದ್ದಾದರೂ ಎಷ್ಟು ಕೂದಲು!

ತಿರುಪತಿಗೆ ಹೋಗಲು ರಜೆಯಿಲ್ಲ. ನದಿ ದಡದಲ್ಲಿ ತೆಗೆಸಿ, ಮುಡಿಪು ಕಟ್ಟಿಟ್ಟು ಆಮೇಲೆ ಒಪ್ಪಿಸಿದರಾಯಿತು ಅಂತ ಭಟ್ಟರು ದಾರಿ ಹೇಳಿದರು. ಭಾನುವಾರ ಬೆಳಿಗ್ಗೆ ತಾಪಿ ನದಿಯ ಘಾಟಿಗೆ ಹೋದೆ. ಸ್ಮಶಾನ ಪಕ್ಕದಲ್ಲೇ ಇದೆ ಅನ್ನೋದು ನನಗೇನು ಗೊತ್ತು? ತಲೆ ನುಣ್ಣಗೆ ಮಾಡಿಸಿಕೊಂಡು ಏಳುತ್ತೇನೆ, ಎದುರಿಗೆ ನಮ್ಮ ಶಾಖೆಯ ಹೆಡ್ ಕ್ಯಾಷಿಯರ್. ಯಾರದೋ ಅಂತ್ಯಕ್ರಿಯೆಗೆ ಬಂದಿದ್ದವರು. ನನ್ನ ತಲೆ ನೋಡಿ ದೂರದಿಂದಲೇ ಕೈಮುಗಿದರು. ನಾನು ನಗುನಗುತ್ತಾ ಕೈಮುಗಿದು ಮನೆಗೆ ಬಂದೆ.

ಮಗಳು ನನ್ನ ತಲೆ ಸವರಿ ಸವರಿ ನಕ್ಕಳು, ಫೋಟೋ ತೆಗೆದು ವಡೋದರಾಗೆಲ್ಲ ಕಳಿಸಿದಳು. ಸ್ನಾನ ಮಾಡಿ, ಅಮ್ಮ ಮಾಡಿದ ಸಿಹಿಪೊಂಗಲ್ ತಿಂದು, ಫೋನನ್ನು ಪ್ಯಾಂಟಿನ ಜೇಬಿನಲ್ಲೇ ಬಿಟ್ಟು ಮಲಗಿಬಿಟ್ಟೆ. ಅಲ್ಲಿ ಬ್ಯಾಂಕಿನ ಗ್ರೂಪಿನಲ್ಲಿ ಹೆಡ್ ಕ್ಯಾಷಿಯರ್ ಹಾಕಿದ್ದರು: "ತಂದೆ ಮೊದಲೇ ಇಲ್ಲ. ಈಗ ತಾಯಿಯೂ ಹೋದರು. ದುಃಖದಲ್ಲೂ ನಗುತ್ತಿದ್ದಾರೆ, ಏನು ಧೈರ್ಯ!" ಅದರ ಕೆಳಗೆ ಎಲ್ಲರ ಓಂ ಶಾಂತಿ.

ಸಂಜೆ ಐದಕ್ಕೆ ಬೆಲ್. ಹರಕೆ ತೀರಿದ ಸಂಭ್ರಮಕ್ಕೆ ಹಸಿರು ರೇಷ್ಮೆ ಸೀರೆ ಉಟ್ಟಿದ್ದ ಅಮ್ಮನೇ ಬಾಗಿಲು ತೆಗೆದರು. ನಮ್ಮ ಇಡೀ ಶಾಖೆ ನಿಂತಿದೆ, ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ. ಮ್ಯಾನೇಜರ್ ಕೈಯಲ್ಲಿ ಫೋಟೋಗೆ ಹಾಕುವ ಗಂಧದ ಹಾರ. ಅವರ ಹಿಂದೆ ಎದುರುಮನೆಯ ಕಾಕಿ, ಬಿಳಿ ಸೀರೆಯಲ್ಲಿ. ಅಮ್ಮನನ್ನು ಯಾರೋ ನೆಂಟರು ಅಂದುಕೊಂಡು ಬ್ಯಾಂಕಿನವರು ಕೈಮುಗಿದು, ಸಾಲಾಗಿ ಒಳಗೆ ಬಂದು ನೆಲದ ಮೇಲೆ ತಲೆತಗ್ಗಿಸಿ ಕೂತರು. ಬಾಗಿಲ ಹೊರಗೇ ನಿಂತ ಕಾಕಿ ಮಾತ್ರ ಅಮ್ಮನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು "ರಾಮ ರಾಮ" ಅಂತ ಜಪ ಶುರು ಮಾಡಿದರು.

"ಏಳೋ! ನಿಮ್ಮ ಬ್ಯಾಂಕಿನವರೆಲ್ಲ ಪ್ರಸಾದಕ್ಕೆ ಬಂದಿದಾರೆ ಕಣೋ!" ಅಂತ ಅಮ್ಮ ನನ್ನನ್ನು ಎಬ್ಬಿಸಿ ಪೊಂಗಲ್ ತರಲು ಹೋದರು. ನಾನು ಹೊರಗೆ ಬಂದ ಕೂಡಲೇ ಮ್ಯಾನೇಜರ್ ಎದ್ದು ಬಂದು ತಬ್ಬಿಕೊಂಡರು. ನನಗೆ ತಲೆಬುಡ ತಿಳಿಯಲಿಲ್ಲ. ಅವರು ಹಾರ ಹಿಡಿದು ಗೋಡೆಯೆಲ್ಲ ಹುಡುಕಿ, ಮಗಳನ್ನು ಮೆಲ್ಲಗೆ ಕೇಳಿದರು: "ದೀಕ್ರಿ, ಮಗಳೇ, ಅಜ್ಜಿಯ ಫೋಟೋ ಎಲ್ಲಿಟ್ಟಿದ್ದೀರಿ?"

ಮಗಳು ಅಡುಗೆಮನೆ ಕಡೆ ಕೈ ತೋರಿಸಿದಳು. "ಫೋಟೋ ಯಾಕೆ? ಅಜ್ಜಿ ಅಲ್ಲೇ ಬರ್ತಿದಾರಲ್ಲ, ಪೊಂಗಲ್ ತಗೊಂಡು."

ಹೆಡ್ ಕ್ಯಾಷಿಯರ್ ಹಾಗೇ ಗೋಡೆಗೆ ಒರಗಿಬಿಟ್ಟರು. ವಿಷಯ ತಿಳಿದಾಗ ಅಮ್ಮನಿಗೆ ಸಿಟ್ಟೇನೂ ಬರಲಿಲ್ಲ. "ಹಾರ ಚೆನ್ನಾಗಿದೆ, ತಂದದ್ದನ್ನ ಯಾಕೆ ವಾಪಸ್ ಒಯ್ಯಬೇಕು?" ಅಂತ ಇಸಿದುಕೊಂಡು ತಿಮ್ಮಪ್ಪನ ಪಟಕ್ಕೆ ಹಾಕಿದರು. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ, "ನಿಮ್ಮ ತಾಯಿಯ ಜೀವನ ಪ್ರಮಾಣಪತ್ರಕ್ಕೆ ಇನ್ನು ಫಾರಂ ಬೇಡ ಬಿಡಿ, ಇಡೀ ಶಾಖೆಯೇ ಸಾಕ್ಷಿ. ಆದರೆ ತಲೆ ಯಾಕೆ ಬೋಳಿಸಿದಿರಿ?" ಅಂದರು.

ಮಗಳೇ ಎಲ್ಲರ ಮಧ್ಯೆ ಕೂತು ಗುಜರಾತಿಯಲ್ಲಿ ಕಥೆ ಶುರು ಮಾಡಿದಳು. ದ್ವೀಪ, ಬಿರುಗಾಳಿ, ತಂಗಿ, ಖಾಲಿ ದೋಣಿ. ಅರ್ಧ ಗಂಟೆ ಯಾರೂ ಕೆಮ್ಮಲಿಲ್ಲ. ಪೊಂಗಲ್ ಆರಿಹೋಯಿತು. ಅಳಲು ತಯಾರಾಗಿಯೇ ಬಂದಿದ್ದ ಜನ, ಮನಸಾರೆ ಅತ್ತರು.

ಕಾಕಿ ಕಣ್ಣೊರೆಸಿಕೊಂಡು ಕೇಳಿದರು: "ಆ ಹುಡುಗನ ಅಪ್ಪ ಹುಡುಕಿಕೊಂಡು ಬರಲೇ ಇಲ್ಲವಾ?"

"ಇಲ್ಲ ಕಾಕಿ. ನನಗೆ ಅದಕ್ಕೇ ಅಳು ಬಂದಿದ್ದು" ಅಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಎಲ್ಲೂ ತಡವರಿಸದೆ ಹೇಳಿದಳು: "ನಮ್ಮಪ್ಪ ಆಗಿದ್ದಿದ್ರೆ ಬರ್ತಿದ್ದ. ಅಲ್ವಾ ಅಪ್ಪ?"

ನಾನು ಹೂಂ ಅಂದೆ. ಆ ಒಂದು ಮಾತಿಗೆ ಬೇಕಿದ್ದರೆ ಇನ್ನೂ ಹತ್ತು ಸಲ ತಲೆ ಬೋಳಿಸಿಕೊಳ್ಳುತ್ತಿದ್ದೆ.

ಎಲ್ಲರೂ ಹೊರಡುವಾಗ ಮ್ಯಾನೇಜರ್ ಚಪ್ಪಲಿ ಹಾಕಿಕೊಳ್ಳುತ್ತಾ, "ಮೂರನೇ ಭಾಗ ಇದೆಯಾ ದೀಕ್ರಿ?" ಅಂದರು.

"ಮಾರ್ಚ್‌ನಲ್ಲಿ ಬರುತ್ತೆ ಅಂಕಲ್. ಡೆವಿನ್‌ನ ಜೈಲಿಗೆ ಹಾಕ್ತಾರಂತೆ."

ಮಗಳು ಅದನ್ನೇ ಕನ್ನಡದಲ್ಲಿ ಅಜ್ಜಿಗೂ ಹೇಳಿದಳು. "ಅಯ್ಯೋ ನನ್ನಪ್ಪನೇ, ಜೈಲಾ!" ಅಂದರು ಅಮ್ಮ. ಬಾಗಿಲು ಹಾಕಿ, ಚಿಲಕ ಸರಿಸಿ, ನನ್ನ ತಲೆಯನ್ನು ನೋಡಿದರು. ಅಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮೆಲ್ಲಗೆ ಕೆಳಗಿಳಿದು ನನ್ನ ಮೀಸೆಯ ಮೇಲೆ ನಿಂತಿತು.